ಕುಂಕುಮ ಚುಕ್ಕಿಯ ಪತಂಗ

ಕಳೆದ ತಿಂಗಳು ವಿಜಯಪುರದಿಂದ ಹೊರಟ ಬಸ್ಸು ಜತ್ತ ತಾಲೂಕಿನ ಗಡಿ ದಾಟಿದ ಮೇಲೆ ಪಂಕ್ಚರಾಗಿ ನಿಂತಿತು. ಇಳಿದು ಬೇವಿನ ಗಿಡದ ನೆರಳಿಗೆ ಹೋದೆ. ಪಕ್ಕದ ವಸ್ತಿಯ ಅಂಗಳದಲ್ಲಿ ಒಬ್ಬ ಹೆಣ್ಣುಮಗಳು ಮೇವು ಕತ್ತರಿಸುವ ಮಷೀನಿಗೆ ಹಸಿ ಹುಲ್ಲು ಕೊಡುತ್ತಿದ್ದಳು. ಗಾಳಿ ನಮ್ಮ ಕಡೆಗಿತ್ತು. ಆಗ ತಾನೇ ಕತ್ತರಿಸಿದ ಹುಲ್ಲಿನ ವಾಸನೆ ಯಾರಿಗಾದರೂ ಹಿತವೇ. ಬಸ್ಸಿನಿಂದ ಇಳಿದವರೊಬ್ಬರು ಉಸಿರು ತುಂಬ ಎಳೆದುಕೊಂಡು, "ಆಹಾ, ಮಳಿ ಚಲೋ ಆಗೇದ ಈ ಕಡಿ" ಎಂದರು. ನನಗೆ ಮಾತ್ರ ಆ ವಾಸನೆ ಹಿತವಾಗಲಿಲ್ಲ. ತಿಕೋಂಡಿಯ ಗಂಗವ್ವನ ದನದ ಕೊಟ್ಟಿಗೆ, ಮೇವಿನ ಗೋದಲಿಗೆ ಗದ್ದ ಊರಿ ನಿಂತ ಗೌರಿ, ಬಣವಿಯ ಸುತ್ತ ಹಾರುತ್ತಿದ್ದ ಬಿಳಿ ಪತಂಗಗಳು ಎಲ್ಲ ಒಟ್ಟಿಗೆ ನೆನಪಾದವು.

ನಾನು ತಿಕೋಂಡಿಯಲ್ಲಿ ಇದ್ದದ್ದು ಒಂದೇ ಮಳೆಗಾಲ. ಆ ವರ್ಷ ವಿಜಯಪುರದ ಕಾಲೇಜಿನಲ್ಲಿ ನನ್ನ ಅತಿಥಿ ಉಪನ್ಯಾಸಕಿಯ ಕೆಲಸ ಮುಗಿದಿತ್ತು. ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಎಂ.ಎಸ್ಸಿ.ಯಲ್ಲಿ ನನಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಡಂ ಫೋನು ಮಾಡಿ, ಒಣ ಸೀಮೆಯ ಪತಂಗಗಳ ಅಧ್ಯಯನ ನಡೆದಿದೆ, ಜತ್ತ ತಾಲೂಕಿನ ಪೂರ್ವದ ಹಳ್ಳಿಗಳಲ್ಲಿ ಓಡಾಡಲು ಕನ್ನಡ, ಮರಾಠಿ ಎರಡೂ ಬರುವವರು ಬೇಕು, ಹೋಗುತ್ತೀಯಾ ಎಂದರು. ಹೋದೆ. ಹುಡುಕಬೇಕಾಗಿದ್ದದ್ದು ಒಂದೇ ಜಾತಿಯ ಸಣ್ಣ ಪತಂಗವನ್ನು. ಅದು ಯಾವ ಊರಿನಲ್ಲಿದೆ, ಯಾವ ಊರಿನಲ್ಲಿಲ್ಲ, ಯಾವಾಗ ಕಾಣಿಸಿಕೊಳ್ಳುತ್ತದೆ, ಇಷ್ಟೇ ಕೆಲಸ.

ಪತಂಗ ಎಂದರೆ ಕಂದುಬಣ್ಣದ, ದೀಪಕ್ಕೆ ಬಂದು ಬೀಳುವ ಹುಳ ಎಂದುಕೊಂಡವರಿಗೆ ಇದು ಪತಂಗ ಅನ್ನಿಸುವುದೇ ಇಲ್ಲ. ಹಗಲು ಹೊತ್ತಿನಲ್ಲೇ ಹಾರುತ್ತದೆ. ಕೂತಾಗ ರೆಕ್ಕೆಗಳನ್ನು ಮೈಗೆ ಸುತ್ತಿಕೊಂಡು ಒಂದು ಸಣ್ಣ ಸುರುಳಿಯಂತೆ ಕಾಣುತ್ತದೆ. ಕೆನೆಬಣ್ಣದ ಮೈಮೇಲೆ ಕೆಂಪು ಚುಕ್ಕಿ, ಅವುಗಳ ನಡುವೆ ಕರಿ ಚುಕ್ಕಿ. ಹುಲ್ಲಿನಲ್ಲಿ ಕಾಲಿಟ್ಟರೆ ಎದ್ದು ನಾಲ್ಕು ಮಾರು ದೂರ ಅಡ್ಡಾದಿಡ್ಡಿ ಹಾರಿ ಮತ್ತೆ ಕೂರುತ್ತದೆ. ಹಾರುವಾಗ ಹಿಂದಿನ ರೆಕ್ಕೆಯ ಬಿಳುಪು ಮಿಂಚಿ, ಕೂತ ಕೂಡಲೇ ಮಾಯವಾಗುತ್ತದೆ. ಪುಸ್ತಕಗಳಲ್ಲಿ ಅದರ ಹರವು ದೊಡ್ಡದು. ಆಫ್ರಿಕದಿಂದ ನಮ್ಮ ಬಯಲುಗಳವರೆಗೆ ಒಣ ನೆಲ ಇರುವಲ್ಲೆಲ್ಲ ಇದೆ ಎನ್ನುತ್ತಾರೆ. ಆದರೆ ನೆಲದ ಮೇಲೆ ಹುಡುಕಲು ಹೊರಟರೆ ಲೆಕ್ಕವೇ ಬೇರೆ. ಒಂದು ಬದುವಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಇರುತ್ತವೆ, ಪಕ್ಕದ ಬದುವಿನಲ್ಲಿ ಒಂದೂ ಇರುವುದಿಲ್ಲ. ಕಾರಣ, ಅದರ ಮರಿಹುಳ ತಿನ್ನುವುದು ಗಿಲಿಗಿಲಿ ಗಿಡವನ್ನು. ತೊಗರಿಯಂಥ ಹಳದಿ ಹೂ ಬಿಟ್ಟು, ಉಬ್ಬಿದ ಕಾಯಿ ಕಟ್ಟುವ ಗಿಡ ಅದು. ಕಾಯಿ ಒಣಗಿದ ಮೇಲೆ ಅಲುಗಿಸಿದರೆ ಒಳಗಿನ ಬೀಜ ಗಿಲಿಗಿಲಿ ಎನ್ನುತ್ತವೆ. ಮರಾಠಿ ಶಾಲೆಯ ಮಕ್ಕಳು ಅದನ್ನೇ ಖುಳಖುಳಾ ಎನ್ನುತ್ತಾರೆ.

ತಿಕೋಂಡಿಯಲ್ಲಿ ನನಗೆ ಇರಲು ಕೋಣೆ ಸಿಕ್ಕದ್ದು ಗಂಗವ್ವ ಮತ್ತು ಮಲ್ಲಪ್ಪನವರ ಮನೆಯಲ್ಲಿ. ಊರ ಅಂಚಿನಲ್ಲಿ, ಮಡ್ಡಿಗೆ ಹೋಗುವ ದಾರಿಯಲ್ಲಿ ಆ ಮನೆ. ಕಲ್ಲು, ಗರಸು ತುಂಬಿದ ಎತ್ತರದ ನೆಲಕ್ಕೆ ನಮ್ಮ ಕಡೆ ಮಡ್ಡಿ ಎನ್ನುತ್ತಾರೆ. ಗಂಗವ್ವನಿಗೆ ಐವತ್ತೈದರ ಆಸುಪಾಸು. ಎತ್ತರದ ಹೆಂಗಸು, ನಡೆದರೆ ಹಿಂದೆ ಬರುವವರು ಓಡಬೇಕು. ಮಲ್ಲಪ್ಪನವರು ಮಾತು ಕಡಿಮೆ, ಕೆಲಸ ಹೆಚ್ಚು. ಕೊಟ್ಟಿಗೆಯಲ್ಲಿ ಒಂದು ಜೋಡಿ ಎತ್ತು ಮತ್ತು ಇನ್ನೂ ಈಯದ ಎರಡು ಖಿಲಾರಿ ತಳಿಯ ಮಣಕಗಳು, ಗೌರಿ ಮತ್ತು ಚಂದ್ರಿ. ಎತ್ತುಗಳು ಮಲ್ಲಪ್ಪನವರವು. ಮಣಕಗಳು ಮಾತ್ರ ಗಂಗವ್ವನವು, ಅದನ್ನು ಆಕೆ ಮೊದಲ ದಿನವೇ ಹೇಳಿದ್ದಳು. ಎರಡೂ ಒಂದೇ ಆಕಳ ಮಕ್ಕಳು. ಆ ಆಕಳು ಆಕೆಯ ತವರಿನಿಂದ ಬಂದದ್ದು.

ನಾನು ಬಲೆ, ಡಬ್ಬಿಗಳನ್ನು ಪಡಸಾಲೆಯಲ್ಲಿ ಇಳಿಸಿದಾಗ ಗಂಗವ್ವ ಒಂದೊಂದನ್ನೂ ಎತ್ತಿ ನೋಡಿದಳು.

"ಹುಳಾ ಹಿಡ್ಯಾಕ ಬಂದೀರೇನ್ರಿ ಬಾಯಾರ?"

"ಹಿಡ್ಯಾಕಲ್ಲ ಕಾಕೂ, ಎಲ್ಲೆಲ್ಲಿ ಅದಾವ ನೋಡಾಕ. ನೋಡಿ ನಕಾಶದಾಗ ಗುರ್ತು ಮಾಡಾಕ."

"ಅವಕ್ಕ ರೆಕ್ಕಿ ಅದಾವಲ್ಲರಿ. ನೀವು ಗುರ್ತು ಮಾಡೂದ್ರಾಗ ಮತ್ತೊಂದ ಕಡಿ ಹೋಗಿರ್ತಾವ." ಎಂದು ನಕ್ಕಳು. ಆಮೇಲೆ ನಾನು ತಂದು ತೋರಿಸಿದ ಮೊದಲ ಪತಂಗವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಕುಂಕುಮ ಚೆಲ್ಲಿದಂಗ ಐತಿ" ಎಂದಳು. ಅಂದಿನಿಂದ ನಾವಿಬ್ಬರೂ ಅದನ್ನು ಕುಂಕುಮದ ಚಿಟ್ಟಿ ಎಂದೇ ಕರೆದೆವು.

ಆ ವರ್ಷ ಮಳೆ ಸತಾಯಿಸಿತು. ಆಷಾಢವಿಡೀ ಗಾಳಿ, ಬರೀ ಗಾಳಿ. ಮೋಡಗಳು ನಮ್ಮ ತಲೆಯ ಮೇಲೇ ತೇಲಿ ವಿಜಯಪುರದ ಕಡೆ ಹೋಗುತ್ತಿದ್ದವು. ನಾನು ಸ್ಕೂಟರಿನ ಮೇಲೆ ಊರೂರು ತಿರುಗಿದೆ. ಸೊರಡಿಯ ಹೊಲಗಳ ಬದುವಿನಲ್ಲಿ ಅಲ್ಲೊಂದು ಇಲ್ಲೊಂದು ಗಿಲಿಗಿಲಿ ಗಿಡ, ಅಲ್ಲೊಂದು ಇಲ್ಲೊಂದು ಪತಂಗ. ಕುಣಿಕೋಣೂರಿನಲ್ಲಿ ನಾನು ನೋಡಿದ್ದು ಹೆಚ್ಚಾಗಿ ದಾಳಿಂಬೆ ತೋಟಗಳು, ಬದುವೆಲ್ಲ ಕೆತ್ತಿ ಸ್ವಚ್ಛ ಮಾಡಿ ಔಷಧ ಹೊಡೆದಿದ್ದರು, ಒಂದೂ ಸಿಗಲಿಲ್ಲ. ಇಲ್ಲ ಎನ್ನುವುದನ್ನೂ ಗುರುತು ಹಾಕಬೇಕು, ಅದೂ ಕೆಲಸವೇ, ಎಂದು ಮೇಡಂ ಹೇಳಿದ್ದರು. ಆದರೂ ಇಲ್ಲ ಎಂದು ಗುರುತು ಹಾಕಿ ಮನೆಗೆ ಬಂದ ದಿನ ರೊಟ್ಟಿ ರುಚಿಸುತ್ತಿರಲಿಲ್ಲ.

ಶ್ರಾವಣ ಮುಗಿಯುತ್ತ ಬಂದಾಗ ಮಳೆ ಬಿತ್ತು. ಆಮೇಲೆ ತಿಕೋಂಡಿಯ ಮಡ್ಡಿ ಹೇಗಾಯಿತೆಂದರೆ, ಕಲ್ಲಿನ ಸಂದಿಸಂದಿಯಿಂದ ಗಿಲಿಗಿಲಿ ಗಿಡ ಎದ್ದು, ಭಾದ್ರಪದದ ಹೊತ್ತಿಗೆ ಇಡೀ ಇಳಿಜಾರು ಹಳದಿಯಾಯಿತು. ಅದರ ಮೇಲೆ ಪತಂಗಗಳು. ನಾನು ಅಷ್ಟೊಂದನ್ನು ಎಂದೂ ನೋಡಿರಲಿಲ್ಲ. ಮಡ್ಡಿಯ ನೆತ್ತಿಯಲ್ಲಿ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿಂದಲೇ ಮೇಡಂಗೆ ಫೋನು ಮಾಡಿ ಹೇಳಿದೆ. ಅವರು ಸಂತೋಷಪಟ್ಟರು. "ಈ ಭಾಗದಲ್ಲಿ ಇಷ್ಟು ದಟ್ಟವಾಗಿ ಸಿಕ್ಕಿದ್ದು ಇದೇ ಮೊದಲು. ಬೇರೆಲ್ಲೂ ಇಷ್ಟು ಇರದೇ ಹೋಗಬಹುದು. ಕೊನೆಯವರೆಗೂ ನೋಡು" ಎಂದರು.

ಅಲ್ಲಿಯೇ ಒಂದು ಬೆಳಗ್ಗೆ ನಾನು ಎಂದೂ ಮರೆಯದ ನೋಟವೊಂದನ್ನು ಕಂಡೆ. ಎರಡು ಗಿಡಗಳ ನಡುವೆ ಒಂದು ಜೇಡ ಬಲೆ ಕಟ್ಟಿತ್ತು. ಪತಂಗವೊಂದು ಹಾರಿ ಬಂದು ಅದರಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಒದ್ದಾಡಲಿಲ್ಲ, ಸುಮ್ಮನೆ ಇತ್ತು. ಜೇಡ ಓಡಿ ಬಂದು ಮುಟ್ಟಿ ನೋಡಿತು. ಆಮೇಲೆ ಸುತ್ತಲಿನ ಎಳೆಗಳನ್ನು ತಾನೇ ಕತ್ತರಿಸಿ ಪತಂಗವನ್ನು ಕೆಳಗೆ ಬೀಳಲು ಬಿಟ್ಟಿತು. ಪತಂಗ ಹಾರಿಹೋಯಿತು. ಗಿಲಿಗಿಲಿ ಗಿಡದಲ್ಲಿ, ಅದರಲ್ಲೂ ಬೀಜದಲ್ಲಿ, ವಿಷವಿದೆ. ಮರಿಹುಳ ಅದನ್ನು ತಿಂದು ಮೈಯಲ್ಲಿ ಇಟ್ಟುಕೊಳ್ಳುತ್ತದೆ, ರೆಕ್ಕೆ ಬಂದ ಮೇಲೂ ಆ ವಿಷ ಅದನ್ನು ಕಾಯುತ್ತದೆ. ಓದಿದ್ದ ಸಂಗತಿ ಕಣ್ಣೆದುರು ನಡೆದಾಗ ಖುಷಿಯಾಯಿತು, ಮನೆಗೆ ಬಂದು ಗಂಗವ್ವನಿಗೂ ಹೇಳಿದೆ. ಕಾಯಿಗಳ ಸಮೇತ ಒಂದಷ್ಟು ಮರಿಹುಳಗಳನ್ನು ತಂದು, ಪಡಸಾಲೆಯಲ್ಲಿ ಸೊಳ್ಳೆಪರದೆಯ ಪಂಜರ ಮಾಡಿ ಸಾಕಿದೆ. ರೆಕ್ಕೆ ಬಂದವನ್ನು ಮಡ್ಡಿಗೆ ಒಯ್ದು ಬಿಡುತ್ತಿದ್ದೆ.

ಮಳೆ ತಡವಾದ್ದರಿಂದ ಊರಿನಲ್ಲಿ ಮೇವು ತೀರಿತ್ತು. ಕಣಿಕೆಯ, ಅಂದರೆ ಒಣ ಜೋಳದ ದಂಟಿನ, ಹಳೆಯ ಬಣವಿಗಳು ಬುಡ ಕಂಡಿದ್ದವು, ಹೊಸ ಜೋಳ ಇನ್ನೂ ಮೊಣಕಾಲುದ್ದ. ಹಾಗಾಗಿ ಮಲ್ಲಪ್ಪನವರು ಮಡ್ಡಿಯ ಬುಡದಿಂದ ಹಸಿ ಹುಲ್ಲು ಕೊಯ್ದು ತಂದು ಅಂಗಳದಲ್ಲಿ ಒಟ್ಟಿದರು. ಎದುರು ಮನೆಯ ಮಕ್ತುಮಸಾಬ ಕಾಕಾನ ಹತ್ತಿರ ಮೇವು ಕತ್ತರಿಸುವ ಮಷೀನು ಇತ್ತು. ಸಂಜೆಯಾದರೆ ಅದರ ಸದ್ದು, ಆ ಹಸಿ ವಾಸನೆ. ಕತ್ತರಿಸಿದ ಹುಲ್ಲು ದನಗಳಿಗೆ ಸಲೀಸು, ಏನೂ ಹಾಳಾಗುವುದಿಲ್ಲ ಎಂದು ಗಂಗವ್ವ ತನ್ನ ಮಣಕಗಳಿಗೆ ಬುಟ್ಟಿ ಬುಟ್ಟಿ ಸುರಿಯುತ್ತಿದ್ದಳು. ಎತ್ತುಗಳಿಗೆ ಮಾತ್ರ ಮಲ್ಲಪ್ಪನವರು ಉಳಿದಿದ್ದ ಕಣಿಕೆಯನ್ನೇ ಹಾಕುತ್ತಿದ್ದರು, ಬಿತ್ತನೆಯ ಕೆಲಸ ಮಾಡಿ ಬಂದವು ಎಂದು.

ನವರಾತ್ರಿಯ ಹೊತ್ತಿಗೆ ಗೌರಿ ಮೇವು ಬಿಟ್ಟಳು. ಮೊದಲು ಯಾರೂ ಹೆಚ್ಚು ಯೋಚಿಸಲಿಲ್ಲ. ಆಮೇಲೆ ತಲೆ ತಗ್ಗಿಸಿ ಗೋದಲಿಗೆ ಗದ್ದ ಊರಿ ನಿಲ್ಲತೊಡಗಿದಳು. ಹೊರಗೆ ಬಿಟ್ಟರೆ ಸುಮ್ಮನೆ ಗೋಡೆಯ ಕಡೆಗೇ ನಡೆಯುವುದು. ದನದ ಡಾಕ್ಟರು ಬಂದು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಬಿಳಿಗುಡ್ಡೆ ಹಳದಿಯಾಗಿತ್ತು.

"ಕಾಮಣಿ ಆದಂಗ ಕಾಣತೈತಿ. ಯಕೃತ್ತಿಗೆ ಏನೋ ಹೊಡತಾ ಬಿದ್ದೈತಿ. ಏನರೆ ಹೊಸಾದು ತಿನಿಸಿದ್ರೇನ್ರಿ ಅವ್ವಾರ?"

"ಹುಲ್ಲರಿ. ಬರೇ ಹುಲ್ಲು."

ಡಾಕ್ಟರು ಸೂಜಿ ಮಾಡಿ, ಬೆಲ್ಲದ ನೀರು ಕುಡಿಸಲು ಹೇಳಿ ಹೋದರು. ಗಂಗವ್ವ ಕೊಟ್ಟಿಗೆಯಲ್ಲೇ ಗೋಣಿಚೀಲ ಹಾಸಿ ಕೂತಳು. ಗೌರಿಯ ಕೊರಳ ಗಂಗೆದೊಗಲನ್ನು ನೀವುತ್ತ ಏನೋ ಮಾತಾಡುತ್ತಿದ್ದಳು. ಎರಡನೆಯ ದಿನ ಬಿಸಿಲೇರುವ ಹೊತ್ತಿಗೆ ಗೌರಿ ಸತ್ತಳು. ಊರ ಹೊರಗೆ ಒಯ್ದು ಹೂಳುವಾಗ ಗಂಗವ್ವ ಅಳಲಿಲ್ಲ. ಮನೆಗೆ ಬಂದು ಖಾಲಿ ಗೂಟದ ಹಗ್ಗವನ್ನು ಬಿಚ್ಚಲು ಹೋದಾಗ ಅತ್ತಳು. ಪಕ್ಕದ ಗೂಟದಲ್ಲಿ ಚಂದ್ರಿಯೂ ತಲೆ ತಗ್ಗಿಸಿ ನಿಂತಿದ್ದಳು.

ಮರುದಿನ ನಾನು ಹಲ್ಲುಜ್ಜುತ್ತ ಅಂಗಳಕ್ಕೆ ಬಂದಾಗ ಹಸಿ ಹುಲ್ಲಿನ ಬಣವಿಯ ಮೇಲೆ ಪತಂಗಗಳು ಹಾರುತ್ತಿದ್ದವು. ಆ ಮಳೆಗಾಲವಿಡೀ ಅಂಗಳದಲ್ಲಿ ನಾನು ಒಂದನ್ನೂ ನೋಡಿರಲಿಲ್ಲ. ಮಡ್ಡಿ ಬಿಟ್ಟು ಇಲ್ಲಿಗೇಕೆ ಬಂದವು ಎಂದು ನಾನು ಯೋಚಿಸುತ್ತಿರುವಾಗಲೇ ಗಂಗವ್ವ ಕೊಟ್ಟಿಗೆಯ ಬಾಗಿಲಿಗೆ ಬಂದಳು. ಪತಂಗಗಳನ್ನು ನೋಡಿದಳು. ಪಡಸಾಲೆಯ ಪಂಜರವನ್ನು ನೋಡಿದಳು. ಆಮೇಲೆ ನನ್ನನ್ನು.

"ಬಾಯಾರ, ನೀವು ಬರೂಕಿಂತ ಮೊದಲ ಇವು ನಮ್ಮ ಅಂಗಳದಾಗ ಇರಲಿಲ್ಲ."

"ಕಾಕೂ, ನಾ ಇಲ್ಲೆ ಒಂದೂ ಬಿಟ್ಟಿಲ್ಲರಿ."

"ಜ್ಯಾಡಾ ಸೈತ ಮುಟ್ಟಂಗಿಲ್ಲ ಅಷ್ಟ ವಿಷಾ ಐತಿ ಅಂತ ನೀವ ಹೇಳಿದ್ರಿ. ಮತ್ತ ಅದನ್ನ ಮನಿಯಾಗ ಸಾಕಿದ್ರಿ. ನನ್ನ ಗೌರಿ ಹೋತು. ಇಕಿನೂ ಹೊಂಟಾಳ."

ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮಲ್ಲಪ್ಪನವರು ಒಳಗಿನಿಂದ ಬಂದು, "ಏ, ಸುಮ್ಮನಿರ" ಎಂದರು. ಅವಳು ಒಳಗೆ ಹೋದಳು. ಆ ದಿನ ನನ್ನನ್ನು ಊಟಕ್ಕೆ ಕರೆದದ್ದು ಮಲ್ಲಪ್ಪನವರು. ಬೀದಿಯಲ್ಲಿ ನೀರಿಗೆ ನಿಂತ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಹುಳದ ಬಾಯಾರು ಹುಳ ಬಿಟ್ಟು ದನ ಕೊಂದರು ಎಂಬ ಮಾತು ಆಗಲೇ ಎರಡು ಓಣಿ ದಾಟಿತ್ತು.

ನನಗೂ ಒಳಗೊಳಗೇ ಅಳುಕಿತ್ತು. ಪಂಜರದ ಪರದೆಯನ್ನು ಬೆರಳಾಡಿಸಿ ನೋಡಿದೆ. ಎಲ್ಲೂ ಹರಿದಿರಲಿಲ್ಲ. ಹಾಗಾದರೆ ಇವು ಎಲ್ಲಿಂದ ಬಂದವು? ಬಣವಿಯ ಹತ್ತಿರ ಹೋಗಿ ಒಂದು ತೆಕ್ಕೆ ಹುಲ್ಲು ಎಳೆದೆ. ಹುಲ್ಲಿನ ಜೊತೆಗೆ ಗಿಲಿಗಿಲಿ ಗಿಡಗಳು ಬಂದವು, ಬುಡಸಹಿತ, ಕಾಯಿ ತುಂಬಿಕೊಂಡು. ಇನ್ನೊಂದು ತೆಕ್ಕೆ ಎಳೆದೆ. ಅದರಲ್ಲೂ ಅಷ್ಟೇ. ಕಾಯಿಗಳಲ್ಲಿ ತೂತುಗಳಿದ್ದವು. ಒಂದನ್ನು ಬಿಡಿಸಿದರೆ ಒಳಗೆ ಕಪ್ಪು-ಬಿಳಿ ಪಟ್ಟೆಯ ಮರಿಹುಳ ಬೀಜ ತಿನ್ನುತ್ತ ಕೂತಿತ್ತು. ಪತಂಗಗಳು ಹಾರಿ ಬಂದಿರಲಿಲ್ಲ, ಹುಲ್ಲಿನ ಹೊರೆಯಲ್ಲಿ ಬಂದಿದ್ದವು. ಅವು ಎಲ್ಲಿದ್ದವೋ ಅಲ್ಲಿ ಆ ಗಿಡವಿತ್ತು. ಆ ಗಿಡ ಈಗ ಗೋದಲಿಯಲ್ಲಿತ್ತು.

ಎದುರು ಮನೆಗೆ ಓಡಿದೆ. ಮಕ್ತುಮಸಾಬ ಕಾಕಾ ಎಮ್ಮೆಗೆ ನೀರು ತೋರಿಸುತ್ತಿದ್ದ. ಎಮ್ಮೆ ಗಟ್ಟಿಮುಟ್ಟಾಗಿತ್ತು.

"ಕಾಕಾ, ಇದಕ್ಕ ಅದ ಮಡ್ಡಿ ಹುಲ್ಲ ಹಾಕತೀರೇನ್ರಿ?"

"ಹೌದ್ರಿ ಬಾಯಾರ, ಅದನ್ನ. ಯಾಕ್ರಿ?"

"ಕತ್ತರಿಸಿ ಹಾಕತೀರಿ?"

ಕಾಕಾ ನಕ್ಕ. "ಮಂದೀದು ಕತ್ತರಿಸೂದ್ರಾಗ ಹೊತ್ತ ಹೋಗತೈತಿ. ನಮ್ಮದಕ್ಕ ಹಂಗ ಒಗೀತೀನ್ರಿ. ತನಗ ಬೇಕಾದ್ದ ತಿಂತೈತಿ, ಬ್ಯಾಡಾದ್ದ ಬಿಡತೈತಿ." ಎಮ್ಮೆಯ ಕಾಲಬುಡ ತೋರಿಸಿದ. ಹುಲ್ಲೆಲ್ಲ ಖಾಲಿಯಾಗಿ, ಗಿಲಿಗಿಲಿ ಗಿಡದ ಕಡ್ಡಿಗಳು ಕಾಯಿಸಮೇತ ಹಾಗೇ ಬಿದ್ದಿದ್ದವು.

ನಾನು ಅವನಿಗೆ ವಿಷಯ ಹೇಳಿದೆ. ಅವನ ಮುಖದ ನಗೆ ಮಾಯವಾಯಿತು. "ಯಾ ಅಲ್ಲಾ" ಎಂದು ಮಷೀನಿನ ಕಡೆ ನೋಡಿದ. "ನನ್ನ ಕೈಲಿಂದ ಕತ್ತರಿಸಿ ಕೊಟ್ಟೀನಲ್ರಿ. ನಡೀರಿ, ಲಗೂನ ಹೇಳೂಣು."

ಆ ಅಂಗಳ ದಾಟುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಇನ್ನೊಂದು ಯೋಚನೆ ಬಂದುಹೋಯಿತು. ಹೇಳಿದರೆ ಊರವರು ಮಡ್ಡಿಯಲ್ಲಿ ಒಂದು ಗಿಡವನ್ನೂ ಉಳಿಸುವುದಿಲ್ಲ. ಗಿಡ ಹೋದರೆ ಪತಂಗ ಹೋಯಿತು. ಆ ಯೋಚನೆ ಬಂದಿತ್ತು ಅಷ್ಟೇ, ಕಾಲು ನಿಲ್ಲಲಿಲ್ಲ.

ಗಂಗವ್ವನ ಮುಂದೆ ಹಿಡಿ ಗಿಡ ಇಟ್ಟೆ. ಹುಳದ ವಿಷ ಈ ಗಿಡದ್ದೇ, ಹುಳ ದನಕ್ಕೆ ಏನೂ ಮಾಡಿಲ್ಲ, ಮಡ್ಡಿಯಲ್ಲಿ ಮೇಯುವ ದನ ಇದನ್ನು ಬಿಟ್ಟು ಮೇಯುತ್ತದೆ, ಸಣ್ಣಗೆ ಕತ್ತರಿಸಿ ಹುಲ್ಲಿನಲ್ಲಿ ಬೆರೆಸಿದರೆ ಅದಕ್ಕೆ ಆರಿಸಲು ಬರುವುದಿಲ್ಲ ಎಂದೆಲ್ಲ ಹೇಳಿದೆ. ಮಕ್ತುಮಸಾಬ ಕಾಕಾ ತನ್ನ ಎಮ್ಮೆ ಬಿಟ್ಟ ಕಡ್ಡಿಗಳನ್ನು ತಂದಿದ್ದ. ಗಂಗವ್ವ ಎರಡನ್ನೂ ನೋಡಿದಳು. ಆಮೇಲೆ ಕೇಳಿದಳು:

"ಅಂದ್ರ ನಾನ ತಿನಿಸಿದೆ?"

ಮಲ್ಲಪ್ಪನವರು ಹೇಳಿದರು. "ಕೊಯ್ದಾಂವ ನಾನು. ಕತ್ತರಿಸಿದಾಂವ ಇಂವಾ. ಹಾಕಿದಾಕಿ ನೀನು. ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾತು. ಏಳು, ಚಂದ್ರಿ ಗೋದಲಿ ತೆಗಿ."

ಅವತ್ತು ನಾಲ್ಕೂ ಜನ ಸೇರಿ ಗೋದಲಿ ಬಳಿದು ತೊಳೆದೆವು. ಮಕ್ತುಮಸಾಬ ಕಾಕಾ ಸೊರಡಿಯಿಂದ ಟೆಂಪೊದಲ್ಲಿ ಕಣಿಕೆ ತಂದ. ಡಾಕ್ಟರು ಮತ್ತೆ ಬಂದು ಗಿಡ ನೋಡಿ, ಇದೇ ಇರಬೇಕೆಂದು ಒಪ್ಪಿದರು. ಇದಕ್ಕೆಂದೇ ಇರುವ ಔಷಧವಿಲ್ಲ, ತಿಂದದ್ದು ಕಡಿಮೆಯಿದ್ದರೆ ಯಕೃತ್ತು ತಾನೇ ಸುಧಾರಿಸೀತು, ಕಾಯಬೇಕು ಎಂದರು. ಕಾದೆವು. ಚಂದ್ರಿ ಮೊದಲು ಬೆಲ್ಲದ ನೀರು ಕುಡಿದಳು. ಆಮೇಲೆ ಮುಸುರೆ. ದೀಪಾವಳಿಗೆ ಸ್ವಲ್ಪ ಮುಂಚೆ ಒಂದು ಬೆಳಗ್ಗೆ ಗಂಗವ್ವ ನನ್ನ ಕೋಣೆಯ ಬಾಗಿಲು ಬಡಿದು, "ಬರ್ರಿ, ನೋಡ ಬರ್ರಿ" ಎಂದು ಎಳೆದುಕೊಂಡು ಹೋದಳು. ಚಂದ್ರಿ ಕಣಿಕೆ ಮೆಲುಕು ಹಾಕುತ್ತಿದ್ದಳು. ನಾವಿಬ್ಬರೂ ಆ ಸದ್ದು ಕೇಳುತ್ತ ನಿಂತೆವು. ಗಂಗವ್ವ ನನ್ನ ಕೈ ಬಿಡಲಿಲ್ಲ.

ಅಷ್ಟರಲ್ಲಿ ಊರವರು ಕೆಲಸ ಶುರು ಮಾಡಿದ್ದರು. ಮಡ್ಡಿಯ ಬುಡದಲ್ಲಿ, ದಾರಿಯ ಅಂಚಿನಲ್ಲಿ, ಬದುಗಳಲ್ಲಿ ಗಿಡ ಕಿತ್ತು ಗುಡ್ಡೆ ಹಾಕಿ ಸುಟ್ಟರು. ಕಾಯಿಗಳು ಬೆಂಕಿಯಲ್ಲಿ ಪಟಪಟ ಸಿಡಿದವು. ಯಾವ ಯಾವ ಕಡೆ ಇವೆ ಎಂದು ನನ್ನನ್ನೇ ಕೇಳಿದರು, ನಾನೇ ತೋರಿಸಿದೆ. ಮಾಡಬೇಕಾದ ಕೆಲಸ ಅದು. ಆದರೂ ಹೊಗೆಯ ನಡುವಿನಿಂದ ಪತಂಗಗಳು ಏಳುವುದನ್ನು ನೋಡುವಾಗ ಬೇರೆ ಕಡೆ ಮುಖ ತಿರುಗಿಸುತ್ತಿದ್ದೆ. ನೆತ್ತಿಯ ಮೇಲಿನದನ್ನು ಸೋಮವಾರ ಎಲ್ಲರೂ ಸೇರಿ ಕೀಳುವುದೆಂದು ಮಾತಾಯಿತು.

ನಾನು ಊರು ಬಿಡುವ ದಿನಗಳೂ ಹತ್ತಿರವಾಗಿದ್ದವು. ಭಾನುವಾರ ಇಳಿಹೊತ್ತಿನಲ್ಲಿ ಕೊನೆಯ ಸಲ ನೋಡಿ ಬರೋಣವೆಂದು ಹೊರಟಾಗ ಗಂಗವ್ವ ಸೆರಗು ಸಿಕ್ಕಿಸಿಕೊಂಡು ಹಿಂದೆ ಬಂದಳು. "ನಾನೂ ಬರ್ತೀನಿ. ಒಮ್ಮೆರೆ ನೋಡತೀನಿ." ಬಂಡೆಗಳನ್ನು ಹಿಡಿದು ಹತ್ತಬೇಕಾದ ಜಾಗ ಅದು. ಅವಳು ನನಗಿಂತ ಮೊದಲೇ ಮೇಲೆ ತಲುಪಿದ್ದಳು.

ನೆತ್ತಿಯಲ್ಲಿ ಗಿಡಗಳು ಸೊಂಟದೆತ್ತರ ಬೆಳೆದಿದ್ದವು. ಕಾಯಿಗಳು ಒಣಗಿ, ಗಾಳಿ ಬೀಸಿದಾಗಲೆಲ್ಲ ಎಲ್ಲೆಡೆಯಿಂದ ಸದ್ದು. ನಾವು ಕಾಲಿಟ್ಟ ಕಡೆಯೆಲ್ಲ ಪತಂಗಗಳು ಎದ್ದು ಕೂತವು. ಗಂಗವ್ವ ಒಂದು ಕಲ್ಲಿನ ಮೇಲೆ ಕೂತಳು. ಒಂದು ಪತಂಗ ಅವಳ ಮೊಣಕಾಲಿನ ಮೇಲೆ ಸೀರೆಗೆ ಬಂದು ಕೂತಿತು. ಓಡಿಸಲಿಲ್ಲ.

"ಇದ ಗಿಡಾ ತಿಂದು ನನ್ನ ಗೌರಿ ಹೋತು" ಎಂದಳು. "ಇದ ಗಿಡಾ ತಿಂದು ಇದು ಬದುಕೇತಿ."

ಆಮೇಲೆ ನಾವು ಹತ್ತಿ ಬಂದ ಬಂಡೆಗಳ ಕಡೆ ನೋಡಿದಳು.

"ಇಲ್ಲಿಗೆ ದನಾ ಏರಂಗಿಲ್ಲ, ಅಲ್ಲೇನು?"

"ಏರಂಗಿಲ್ಲ ಕಾಕೂ. ಹುಲ್ಲ ಕೊಯ್ಯಾಕೂ ಯಾರೂ ಬರಂಗಿಲ್ಲ. ಆದ್ರ ಮಳ್ಯಾಗ ಬೀಜ ಕೆಳಗ ಹರದ ಬರ್ತಾವ. ಇಲ್ಲೆ ಬಿಟ್ರ ಪ್ರತಿ ವರ್ಷಾ ಕೆಳಗ ನೋಡಿ ಕೀಳಬೇಕಾಗತೈತಿ. ಸುಳ್ಳ ಯಾಕ ಹೇಳಲಿ?"

ಅವಳು ಬಹಳ ಹೊತ್ತು ಕೆಳಗಿನ ಊರನ್ನು ನೋಡಿದಳು. ತನ್ನ ಮನೆಯ ತಗಡು, ಬಿಸಿಲಿಗೆ ಕಟ್ಟಿದ ಚಂದ್ರಿ, ಎಲ್ಲ ಅಲ್ಲಿಂದ ಕಾಣುತ್ತಿದ್ದವು. ಆಮೇಲೆ ಎದ್ದು ಇಳಿಯತೊಡಗಿದಳು. ಮನೆಯ ಕಟ್ಟೆಯ ಮೇಲೆ ಮಲ್ಲಪ್ಪನವರೂ ಮಕ್ತುಮಸಾಬ ಕಾಕಾನೂ ಕೂತಿದ್ದರು. ಅವರ ಮುಂದೆ ನಿಂತು ಹೇಳಿದಳು:

"ನಾಳಿ ಮ್ಯಾಲ ಯಾರೂ ಹೋಗಬ್ಯಾಡ್ರಿ. ಮ್ಯಾಲಿಂದು ಇರಲಿ. ಕೆಳಗ ಬಂದದ್ದನ್ನ ಪ್ರತಿ ವರ್ಷಾ ನಾ ಕೀಳ್ತೀನಿ."

ಮಕ್ತುಮಸಾಬ ಕಾಕಾ ಏನೋ ಕೇಳಲು ಬಾಯಿ ತೆರೆದ. ಮಲ್ಲಪ್ಪನವರು ಅವನ ತೊಡೆ ತಟ್ಟಿ ಬೇಡ ಎಂದು ಸನ್ನೆ ಮಾಡಿದರು. ಗೌರಿ ಅವಳದಾಗಿತ್ತು. ಹಾಗಾಗಿ ಆ ಮಾತಿಗೆ ಊರಿನಲ್ಲಿ ಯಾರೂ ಎದುರಾಡಲಿಲ್ಲ.

ಆಮೇಲೆ ನನಗೆ ಕಾಲೇಜಿನಲ್ಲಿ ಮತ್ತೆ ಕೆಲಸ ಸಿಕ್ಕಿತು. ಚಂದ್ರಿ ಈಗ ಎರಡು ಕರುಗಳ ತಾಯಿ. ಮಳೆಗಾಲದಲ್ಲಿ ಒಮ್ಮೆ ಗಂಗವ್ವನ ಫೋನು ತಪ್ಪದೆ ಬರುತ್ತದೆ. ಈ ವರ್ಷವೂ ಬಂತು. ಸಿಗ್ನಲ್ಲಿಗಾಗಿ ಮಡ್ಡಿ ಹತ್ತಿದ್ದಳು, ಗಾಳಿಯ ಸದ್ದಿನಲ್ಲಿ ಕೂಗಿ ಹೇಳುತ್ತಿದ್ದಳು.

"ಮಗಳ, ಕೇಳಸತೈತೇನು? ಕೆಳಗಿಂದೆಲ್ಲಾ ಕಿತ್ತೀನಿ. ಕೆಳಗ ಒಂದೂ ಇಲ್ಲ. ಮ್ಯಾಲ ಅದಾವ, ಭಾಳ ಅದಾವ. ನಕಾಶದಾಗ ಬರಕೋ."